ಹೆಚ್ಚುವರಿ ವಿದ್ಯಾರ್ಥಿಗಳ ಅಕ್ಕೋರು

ಅಕ್ಕೋರು ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಚಿತ್ರ ಬರೆಯುತ್ತಿದ್ದರು. ಹಲಗೆಯ ನಡುವೆ ಎದೆಯೆಲುಬನ್ನು ಗೀಚಿಕೊಂಡು, ಅಲ್ಲಿಂದ ಎಡಗೈ ಎಡಕ್ಕೂ ಬಲಗೈ ಬಲಕ್ಕೂ ಒಟ್ಟಿಗೇ ಹೊರಟವೆಂದರೆ ಪಕ್ಕೆಲುಬುಗಳು ಜೋಡಿಜೋಡಿಯಾಗಿ ಮೂಡುತ್ತ ಕೆಳಗಿಳಿಯುತ್ತಿದ್ದವು. ಆಮೇಲೆ ಒಂದು ಕೈಗೆ ಕೆಂಪು, ಇನ್ನೊಂದಕ್ಕೆ ನೀಲಿ, ರಕ್ತನಾಳಗಳ ಸರದಿ. ಪಾಠ ಮಾಡುತ್ತ ಅದೇ ಕೈಗಳಿಂದ ಹಣೆಯ ಮೇಲಿನ ಕೂದಲು ಸರಿಸಿ ಸರಿಸಿ, ಗಂಟೆ ಹೊಡೆಯುವ ಹೊತ್ತಿಗೆ ಅವರ ಮುಖದ ಒಂದು ಪಕ್ಕ ಕೆಂಪಗೆ, ಇನ್ನೊಂದು ಪಕ್ಕ ನೀಲಿಯಾಗಿರುತ್ತಿತ್ತು. ಯಾರಾದರೂ ಹೇಳಿದರೆ ಸೆರಗಿನಿಂದ ಒರೆಸಿಕೊಂಡು ಎರಡನ್ನೂ ಬೆರೆಸಿಬಿಡುವರು. ಹಾಗೆಯೇ ಹೋಗಿ ಉಳಿದ ಮೇಷ್ಟರುಗಳ ನಡುವೆ ಕೂರುವರು.

ಅವರು ನಮಗೆ ಶಾರೀರ ಕಲಿಸುತ್ತಿದ್ದರು, ಅಂದರೆ ದೇಹದ ರಚನೆ. ಗದಗಿನ ಒಂದು ಖಾಸಗಿ ಆಯುರ್ವೇದ ಕಾಲೇಜು, ಹೆಸರು ಬೇಡ. ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾದ ಹೊಸತು. ಬಾಡಿಗೆ ಕಟ್ಟಡಗಳಿಗೆಲ್ಲ ‘ಜಿಲ್ಲಾ’ ಎಂಬ ಹೊಸ ಬೋರ್ಡು ಬೀಳುತ್ತಿದ್ದ ಕಾಲ. ಕಾಲೇಜಿನಲ್ಲಿ ಮೇಡಂ ಅನ್ನಬೇಕೆಂದು ಹಿರಿಯ ವಿದ್ಯಾರ್ಥಿಗಳು ಎಷ್ಟು ಹೇಳಿಕೊಟ್ಟರೂ ಹಳ್ಳಿ ಶಾಲೆಗಳಿಂದ ಬಂದ ನಮ್ಮ ಬಾಯಿಗೆ ಅಕ್ಕೋರು ಎಂದೇ ಬರುತ್ತಿತ್ತು. ಅವರು ಲಕ್ಷ್ಮೇಶ್ವರದ ಗುಡಿ ಪೂಜೆಯ ಮನೆತನದವರು. ಮದುವೆಯಾಗಿರಲಿಲ್ಲ. ಬೆಟಗೇರಿಯಲ್ಲಿ ಮಗ್ಗದ ಸದ್ದಿನ ಒಂದು ಓಣಿಯಲ್ಲಿ ಬಾಡಿಗೆಗಿದ್ದು, ಹಳೆಯ ಲೂನಾ ಗಾಡಿಯಲ್ಲಿ ಕಾಲೇಜಿಗೆ ಬರುತ್ತಿದ್ದರು.

ನನ್ನದು ಮುಂಡರಗಿ. ಅಪ್ಪನದು ಗಾದಿ ಅಂಗಡಿ. ಹತ್ತಿ ಹಿಂಜಿ ಗಾದಿ ಹೊಲಿಯುವ ನದಾಫರ ಮನೆತನ. ಮಗಳು ಡಾಕ್ಟರಾಗುತ್ತಾಳೆಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಮೊದಲ ವರ್ಷದ ಪರೀಕ್ಷೆ ಹತ್ತಿರ ಬಂದಾಗ ತರಗತಿಯ ಅರ್ಧಕ್ಕೂ ಹೆಚ್ಚು ಜನಕ್ಕೆ ಹಾಲ್ ಟಿಕೆಟ್ ಬಂತು, ನಮಗೆ ಕೆಲವರಿಗೆ ಬರಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆಯುರ್ವೇದ ಕಾಲೇಜುಗಳ ಮೇಲೆ ಕಣ್ಣಿಡುವ ದಿಲ್ಲಿಯ ಮಂಡಳಿ ಪ್ರತಿ ಕಾಲೇಜಿಗೂ ವರ್ಷಕ್ಕೆ ಇಷ್ಟೇ ಸೀಟು ಎಂದು ಮಿತಿ ಹಾಕಿರುತ್ತದೆ. ನಮ್ಮ ಕಾಲೇಜು, ಹೆಚ್ಚಿನ ಸೀಟಿಗೆ ಅರ್ಜಿ ಹಾಕಿದ್ದೇವೆ, ಇವತ್ತಲ್ಲ ನಾಳೆ ಸಿಕ್ಕೀತು ಎಂದುಕೊಂಡು ಮಿತಿ ಮೀರಿ ಸೇರಿಸಿಕೊಂಡಿತ್ತು. ಮಂಡಳಿ ಒಪ್ಪಲಿಲ್ಲ. ಹಾಗಾಗಿ ಕೊನೆಗೆ ಸೇರಿದ ನಾವು ಯಾರೂ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ವಿದ್ಯಾರ್ಥಿಗಳೇ ಅಲ್ಲ. ಒಂದು ವರ್ಷ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತು ಓದಿದ ಮೇಲೆ ಗೊತ್ತಾದ ಸಂಗತಿ ಇದು. ಕಾಲೇಜು ನಡೆಸುವ ಸಂಸ್ಥೆಯ ಕಾರ್ಯದರ್ಶಿಯ ಹತ್ತಿರ ಹೋದರೆ, "ಕೇಸ್ ಹಾಕೇವಿ, ನಮ್ಮ ಪರ ಆಗತೈತಿ, ಹೋಗಿ ಓದ್ಕೋರಿ" ಎಂದು ಫ್ಯಾನಿನ ಕೆಳಗೆ ಕೂತೇ ಕೈ ಬೀಸಿದರು. ಅಂದಿನಿಂದ ಕಾಲೇಜಿನಲ್ಲಿ ನಮಗೆ ‘ಹೆಚ್ಚುವರಿ’ ಎಂಬ ಹೆಸರು ಬಿತ್ತು. ಊಟದ ಮನೆಯ ಅಡುಗೆಯವನೂ "ಹೆಚ್ಚುವರಿಯವ್ರು ಬಂದ್ರು" ಅನ್ನುತ್ತಿದ್ದ.

ಹಾಜರಿ ಪುಸ್ತಕದಿಂದ ನಮ್ಮ ಹೆಸರುಗಳನ್ನು ತೆಗೆದರು. ಬಹಳ ಜನ ಮೇಷ್ಟರು ಇದ್ದ ಹೆಸರು ಕೂಗಿ ಪಾಠ ಸುರು ಮಾಡಿದರು. ಅಕ್ಕೋರು ಮಾತ್ರ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ನಮ್ಮ ಹೆಸರುಗಳನ್ನು ಬಾಯಿಪಾಠದಿಂದ ಒಂದೊಂದಾಗಿ ಕೂಗಿದರು. ನನ್ನ ಪಕ್ಕ ಕೂರುತ್ತಿದ್ದ ಅಸುಂಡಿಯ ಗೆಳತಿಗೆ ‘ಹಾಜರ್’ ಅನ್ನಲು ದನಿಯೇ ಬರಲಿಲ್ಲ. ಅಕ್ಕೋರು ಕಾದರು. "ಬಾಯಿ ಬಿಟ್ಟು ಹೇಳ ಯವ್ವಾ, ಇಲ್ಲೇ ಅದೀಯಲ್ಲ" ಅಂದರು.

ಅವರು ಮೃದು ಸ್ವಭಾವದವರೇನಲ್ಲ. ಮೂಳೆಯ ಹೆಸರು ತಪ್ಪಿದರೆ ಅದೇ ಮೂಳೆಯನ್ನು ಕೈಗೆ ಕೊಟ್ಟು ಪಾಠ ಮುಗಿಯುವ ತನಕ ನಿಲ್ಲಿಸುತ್ತಿದ್ದರು. ಶ್ಲೋಕವನ್ನು ಗಿಳಿಯಂತೆ ಒಪ್ಪಿಸಿದರೆ, "ರಾಗ ಛಲೋ ಐತಿ, ಈಗ ಅರ್ಥ ಹೇಳು" ಎಂದು ಕಟುವಾಗಿ ನಗುವರು. ಒಂದು ಸಲ ರೊಟ್ಟಿ ತಿನ್ನುತ್ತ ಕೂತಿದ್ದವರನ್ನು ನಾನು ಅನುಮಾನ ಕೇಳಲು ಹೋದೆ. ತಟ್ಟೆಯಲ್ಲಿದ್ದ ಹಸಿಮೆಣಸಿನಕಾಯಿಯನ್ನೇ ಸೀಳಿ ಬೀಜದ ಗೂಡು ತೋರಿಸುತ್ತ ಹೃದಯದ ಕವಾಟ ವಿವರಿಸಿದರು. ಊಟ ಅರ್ಧಕ್ಕೇ ಉಳಿಯಿತು.

ಮಂಡಳಿಯ ತಪಾಸಣೆಯವರು ಬರುವ ಸುದ್ದಿ ಬಂದಾಗ ಕಾರ್ಯದರ್ಶಿ ನಮ್ಮನ್ನು ಕರೆದು, ಅವರು ಹೋಗುವ ತನಕ ಊರಿಗೆ ಹೋಗಿರಿ ಎಂದರು. ನಾವು ಚೀಲ ಕಟ್ಟಿದೆವು. ಅಕ್ಕೋರಿಗೆ ತಿಳಿದು ಹಾಸ್ಟೆಲ್ಲಿನ ಬಾಗಿಲಿಗೇ ಬಂದರು. "ನಾಳೆ ಪ್ರಾಕ್ಟಿಕಲ್ ಐತಿ. ಯಾರೂ ಹೋಗಂಗಿಲ್ಲ" ಅಂದರು. ಮರುದಿನ ತಪಾಸಣೆಯವರು ಶವಚ್ಛೇದನದ ಕೋಣೆಗೆ ಬಂದಾಗ ನಾವೆಲ್ಲ ಒಂದೇ ಮೇಜಿನ ಸುತ್ತ ಒತ್ತಿ ನಿಂತಿದ್ದೆವು. ಅವರಲ್ಲಿ ಹಿರಿಯರು ಕನ್ನಡ ಬಲ್ಲವರೇ. "ಇಷ್ಟು ಮಂದಿಗೆ ಒಂದೇ ದೇಹವೇ?" ಎಂದು ಕೇಳಿದರು. ಕಾರ್ಯದರ್ಶಿ ಇನ್ನೊಂದು ಬರಲಿದೆ ಎಂದು ಸುರು ಮಾಡುತ್ತಿದ್ದಂತೆ ಅಕ್ಕೋರು, "ಒಂದ ಐತ್ರಿ. ಹಿಂದ ನಿಂತವ್ರಿಗೆ ಏನೂ ಕಾಣಂಗಿಲ್ಲ. ಅದಕ್ಕ ಇವ್ರನ್ನ ಗುಂಪು ಮಾಡಿ ಅದ ಪಾಠ ಮತ್ತ ಮತ್ತ ಮಾಡ್ತೀನಿ. ಎಲ್ಲಾರೂ ದಿನಾ ಬರ್ತಾರ, ಅದನ್ನೂ ಬರಕೋರಿ" ಅಂದರು.

ತಪಾಸಣೆಯವರು ಬರೆದುಕೊಂಡದ್ದು ಮೊದಲನೆಯ ಮಾತನ್ನಷ್ಟೇ. ಕಾಲೇಜಿನಲ್ಲಿ ಈಗಿರುವ ಸೀಟುಗಳಿಗೇ ಅನುಕೂಲ ಸಾಲದು, ಹೆಚ್ಚಿನವು ಕೂಡದು ಎಂದು ವರದಿ ಹೋಯಿತು.

ನಮಗೆಲ್ಲ ಸಿಟ್ಟು ಬಂತು. ಯಾರು ಕೇಳಿದ್ದರು ಇವರನ್ನು? ಅಪ್ಪ ಅಂಗಡಿ ಮುಚ್ಚಿ ಮುಂಡರಗಿಯಿಂದ ನೇರ ಬೆಟಗೇರಿಯ ಅವರ ಮನೆಗೇ ಬಂದ. ನಾನೂ ಜೊತೆಗಿದ್ದೆ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಅಪ್ಪ ದನಿ ಎತ್ತರಿಸಿಯೇ ಕೇಳಿದ.

"ಅಕ್ಕೋರ, ನೀವು ನಮ್ಮ ಕಡೆ ಅದೀರೋ, ಆ ದಿಲ್ಲಿಯವ್ರ ಕಡೆ ಅದೀರೋ? ಖರೆ ಹೇಳ್ರಿ."

"ಕುಂಡ್ರಿ ಸಾಹೇಬ್ರ" ಅಂದರು. ಅಪ್ಪ ಕೂರಲಿಲ್ಲ. ಅವರೂ ನಿಂತೇ ಮಾತಾಡಿದರು. "ನೋಡ್ರಿ, ಮಿತಿ ಅನ್ನೂದು ಇರಬೇಕು. ನಾಳೆ ನಿಮ್ಮ ಮಗಳು ಒಬ್ಬರ ಹೊಟ್ಟಿ ಮ್ಯಾಲ ಕೈ ಇಡಾಕಿ. ಒಳಗ ಏನೈತಿ ಅಂತ ಆಕಿ ಕಣ್ಣಾರೆ ನೋಡಿರಬೇಕೋ ಬ್ಯಾಡೋ? ಆದ್ರ ಮಿತಿ ಮೀರಿದಾಕಿ ಆಕಿ ಅಲ್ಲ. ಮೀರಿದವ್ರು ಬ್ಯಾರೆ ಅದಾರ. ಅವ್ರನ್ನ ಬಿಟ್ಟು ಈ ಹುಡುಗ್ರನ್ನ ಹಿಡದಾರಲ್ಲ, ಅದು ನನ್ನ ಸಿಟ್ಟು."

ಅಪ್ಪನಿಗೆ ಸಮಾಧಾನವಾಗಲಿಲ್ಲ. ಆದರೆ ದಾರಿಯಲ್ಲಿ, "ಆ ಹೆಂಗಸು ಸುಳ್ಳ ಹೇಳೂದಿಲ್ಲ ಬಿಡು" ಅಂದ.

ನಾವು ಹೆಚ್ಚುವರಿಗಳು ಸೇರಿ ಬೇರೆ ಕೇಸು ಹಾಕಿದೆವು. ಹೈಕೋರ್ಟು ಆಗ ಬೆಂಗಳೂರಿನಲ್ಲಷ್ಟೇ. ಗದಗಿನಲ್ಲಿ ರೈಲು ಹತ್ತುವುದು, ಇಳಿದು ಸ್ಟೇಷನ್ನಿನಲ್ಲೇ ಮುಖ ತೊಳೆಯುವುದು, ಕೋರ್ಟಿನ ಮೊಗಸಾಲೆಯಲ್ಲಿ ನಿಲ್ಲುವುದು, ನಮ್ಮ ಹೆಸರು ಬರುವ ಮೊದಲೇ ಹೊತ್ತು ಮುಗಿಯುವುದು. ಒಂದು ಸಲ ಮಂಡಳಿಯ ವಕೀಲರು ಇಲ್ಲ, ಇನ್ನೊಂದು ಸಲ ಸರಕಾರದ ಉತ್ತರ ಬಂದಿಲ್ಲ, ಮತ್ತೊಂದು ಸಲ ನ್ಯಾಯಮೂರ್ತಿಗಳೇ ಬದಲಾಗಿದ್ದಾರೆ. ಕೊನೆಗೊಮ್ಮೆ ವಾದ ನಡೆದಾಗ ನಮ್ಮ ಕಾಲೇಜಿನ ವಕೀಲರು ಎದ್ದು, ಈ ವಿದ್ಯಾರ್ಥಿಗಳ ಪ್ರವೇಶ ತಾತ್ಕಾಲಿಕವಾಗಿತ್ತು, ಅವರು ತರಗತಿಗೆ ಬಂದ ದಾಖಲೆಯೇ ಇಲ್ಲ ಎಂದುಬಿಟ್ಟರು. ಉಳಿದ ಸೀಟುಗಳನ್ನು ಉಳಿಸಿಕೊಳ್ಳಲು ನಮ್ಮನ್ನು ಕೈಬಿಟ್ಟಿದ್ದರು. ನನಗೆ ಎದ್ದು ನಿಂತು ಕೂಗಬೇಕೆನಿಸಿತು. ಕೋರ್ಟಿನಲ್ಲಿ ಹಾಗೆ ಕೂಗುವಂತಿಲ್ಲ.

ಹೊರಗೆ ಬಂದು ನಮ್ಮ ವಕೀಲರು ಹೇಳಿದರು: "ಇವ್ರು ಪಾಠ ಕೇಳಿದಾರೆ ಅಂತ ಪ್ರಮಾಣ ಮಾಡಿ ಹೇಳೋ ಲೆಕ್ಚರರ್ ಒಬ್ರು ಬೇಕು. ಇಲ್ದಿದ್ರೆ ಕಷ್ಟ."

ಕಾಲೇಜಿನಲ್ಲಿ ಯಾರೂ ಮುಂದೆ ಬರಲಿಲ್ಲ. ಅವರನ್ನು ತಪ್ಪೆನ್ನಲಾರೆ, ಎಲ್ಲರಿಗೂ ಸಂಸಾರವಿತ್ತು. ಅಕ್ಕೋರು ಮುಂದಿನ ತಾರೀಖಿಗೆ ನಮ್ಮ ಜೊತೆ ರೈಲು ಹತ್ತಿದರು. ವಕೀಲರ ಕಚೇರಿಯಲ್ಲಿ ಕೂತು, "ಬರಕೋರಿ, ದಿನಾ ಬಂದಾರ, ನಾ ಕಲಿಸೇನಿ. ಹಂಗ ಒಂದ ದೇಹ ಇತ್ತು ಅನ್ನೂದನ್ನೂ ಬರೀರಿ" ಅಂದರು.

ವಕೀಲರು ಪೆನ್ನು ಕೆಳಗಿಟ್ಟರು. "ಅದ್ಯಾಕೆ ಮೇಡಂ? ನಮ್ಮ ಕೇಸಿಗೇ ಪೆಟ್ಟು ಅದು."

"ಪ್ರಮಾಣ ಅಂದ್ರಲ್ಲ? ಅರ್ಧಾ ಪ್ರಮಾಣ ಹೆಂಗ ಮಾಡ್ಲಿ?"

ಜೊತೆಗೆ ಬಂದಿದ್ದ ಅಪ್ಪ ಕೈ ಮುಗಿದ. ನಾನು ಅತ್ತೆ. ಅವರು ಜಗ್ಗಲಿಲ್ಲ. ಎರಡೂ ಮಾತು ಬರೆದೇ ಸಹಿಯಾಯಿತು. ಅದು ಕೋರ್ಟಿಗೆ ಸೇರಿದ ವಾರದೊಳಗೆ ಕಾಲೇಜು ಅವರನ್ನು ಅಮಾನತು ಮಾಡಿತು. ಸಂಸ್ಥೆಯ ಮರ್ಯಾದೆಗೆ ಕುಂದು ತಂದರೆಂಬ ಕಾರಣ ಕೊಟ್ಟು.

ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು: ಪರೀಕ್ಷೆ ಬರೆಯಲಿ, ಆದರೆ ಕೊನೆಯ ತೀರ್ಪಿನ ತನಕ ಫಲಿತಾಂಶ ಹೇಳಕೂಡದು. ಅಲ್ಲಿಂದ ಮುಂದಿನ ವರ್ಷಗಳನ್ನು ಹೇಗೆ ಹೇಳಲಿ? ಬರೆದೆವು, ಪಾಸೋ ನಪಾಸೋ ತಿಳಿಯಲಿಲ್ಲ. ಮುಂದಿನ ತರಗತಿಗೆ ಕೂತೆವು, ಮತ್ತೆ ಬರೆದೆವು. ಮುಂಡರಗಿಯಲ್ಲಿ ಬಸ್ಸು ಇಳಿದರೆ ಯಾರಾದರೂ, "ಯಾವಾಗ ಡಾಕ್ಟರ್ ಆಗ್ತೀಯವಾ?" ಅನ್ನುವರು. ಹಿತದಿಂದ ಕೇಳಿದರೂ ಮೈ ಉರಿಯುತ್ತಿತ್ತು. ಸಂಜೆಗಳಲ್ಲಿ ಅಕ್ಕೋರ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಅವರ ವಿಷಯ ಮೊದಲ ವರ್ಷಕ್ಕೇ ಮುಗಿದಿತ್ತು. ಆದರೂ ನಮ್ಮ ಮುಂದಿನ ಪುಸ್ತಕಗಳನ್ನೆಲ್ಲ ತಾವೇ ಮೊದಲು ಓದಿಕೊಂಡು ಪ್ರಶ್ನೆ ಕೇಳುತ್ತಿದ್ದರು.

ಅಸುಂಡಿಯ ಗೆಳತಿ ಬರುವುದನ್ನು ನಿಲ್ಲಿಸಿದಳು. ಮದುವೆ ಗೊತ್ತಾಗಿತ್ತು. ನಮ್ಮಲ್ಲೆಲ್ಲ ಚುರುಕಾದವಳು ಅವಳು. ಅಕ್ಕೋರು ನನ್ನನ್ನು ಹಿಂದೆ ಕೂರಿಸಿಕೊಂಡು ಲೂನಾದಲ್ಲಿ ಅಸುಂಡಿಗೆ ಹೋದರು. ಅವಳ ತಂದೆ ಮರ್ಯಾದೆಯಿಂದಲೇ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟು ಕೇಳಿದರು: "ಪರೀಕ್ಷಾ ಬರದ ಮ್ಯಾಲ ರಿಸಲ್ಟ್ ಕೊಡದ ಶಾಲಿ ಎಲ್ಲೆರ ಐತೇನ್ರಿ ಅಕ್ಕೋರ? ಎಷ್ಟ ವರ್ಷ ಕಾಯೂದು, ಅದನ್ನರ ಹೇಳ್ರಿ. ಕಾಯ್ತೀನಿ."

ಅಕ್ಕೋರು ಚಹಾದ ಬಟ್ಟಲು ಕೆಳಗಿಟ್ಟು ಎದ್ದರು. ಒಳಗಿನ ಕೋಣೆಯ ಬಾಗಿಲಲ್ಲಿ ಗೆಳತಿ ನಿಂತಿದ್ದಳು. ಹೊರಡುವಾಗ ಅಕ್ಕೋರು ಅವಳ ತಲೆ ಸವರಿದರು.

ತೀರ್ಪು ಬರುವ ಹೊತ್ತಿಗೆ ನಾವು ಕೊನೆಯ ಪರೀಕ್ಷೆಯನ್ನೂ ಬರೆದು ಕೂತಿದ್ದೆವು. ಅಧ್ಯಾಪಕಿಯೊಬ್ಬರ ಪ್ರಮಾಣದಿಂದ ಈ ವಿದ್ಯಾರ್ಥಿಗಳು ಪಾಠ ಕೇಳಿದ್ದು ಸ್ಪಷ್ಟವಿದೆ, ಫಲಿತಾಂಶ ಪ್ರಕಟಿಸಿ ಎಂದಿತ್ತು. ಅದೇ ಪ್ರಮಾಣದಿಂದ ಕಾಲೇಜಿನಲ್ಲಿ ಅನುಕೂಲ ಸಾಲದೆಂದೂ ತಿಳಿಯುತ್ತದೆ. ಆದ್ದರಿಂದ ಹೆಚ್ಚಾಗಿ ಸೇರಿಸಿಕೊಂಡಷ್ಟು ಸೀಟುಗಳನ್ನು ಮುಂದಿನ ವರ್ಷಗಳ ಪ್ರವೇಶದಲ್ಲಿ ಕಡಿಮೆ ಮಾಡಬೇಕು ಎಂದೂ ಇತ್ತು. ನಾನು ಪಾಸಾಗಿದ್ದೆ. ಅಸುಂಡಿಯ ಗೆಳತಿ ತಾನು ಬರೆದ ಪರೀಕ್ಷೆಗಳಲ್ಲೆಲ್ಲ ನನಗಿಂತ ಬಹಳ ಮೇಲಿದ್ದಳು. ಆ ಸುದ್ದಿ ಮುಟ್ಟಿದಾಗ ಅವಳು ಗಂಡನ ಮನೆಯಲ್ಲಿ ಎರಡನೆಯ ಮಗುವಿನ ಬಾಣಂತಿ.

ಪೇಡೆ ತೆಗೆದುಕೊಂಡು ಬೆಟಗೇರಿಗೆ ಹೋದೆವು. ಅಕ್ಕೋರು ಒಂದು ಚೂರು ಬಾಯಿಗೆ ಹಾಕಿಕೊಂಡು ಅಂದರು: "ನಿಮಗ ಆತಲ್ಲ, ಸಂತೋಷ. ಆದ್ರ ಮುಂದ ಬರೋ ಹುಡುಗ್ರ ಕುರ್ಚಿ ತಗದ್ರು. ತಪ್ಪ ಮಾಡಿದವ್ರು ತಮ್ಮ ಕುರ್ಚಿ ಮ್ಯಾಲ ಹಂಗ ಕುಂತಾರ. ಇದೆಂಥಾ ಲೆಕ್ಕ?" ನಾವು ಕೇಳಿಸಿಕೊಂಡೆವು. ನಮಗೆ ಆ ದಿನ ಖುಷಿಯೇ ಹೆಚ್ಚಾಗಿತ್ತು.

ತೀರ್ಪಿನಲ್ಲಿ ಅವರ ಅಮಾನತಿನ ಮಾತೇ ಇರಲಿಲ್ಲ. ಅದು ಬೇರೆ ವಿಷಯವಂತೆ. ತಮ್ಮ ಕೆಲಸಕ್ಕಾಗಿ ಅವರು ಬೇರೆ ಕೇಸು ಹಾಕಬೇಕಾಯಿತು. ಗದಗಿನಲ್ಲಿ ಸುರುವಾದದ್ದು ಮೇಲೆ ಹೋಯಿತು, ತಿರುಗಿ ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಅಷ್ಟರಲ್ಲಿ ಹೈಕೋರ್ಟಿನ ಪೀಠ ಧಾರವಾಡಕ್ಕೇ ಬಂದಿತ್ತು. ಹಾದಿ ಹತ್ತಿರವಾಯಿತು, ತಾರೀಖುಗಳ ಅಂತರ ಮಾತ್ರ ಹಾಗೆಯೇ ಇತ್ತು. ನಾನು ಮುಂಡರಗಿಯಲ್ಲಿ ದವಾಖಾನೆ ತೆರೆದೆ. ಹಮ್ಮಿಗಿ, ಕೊರ್ಲಹಳ್ಳಿ ಕಡೆಯ ಹೆಣ್ಣುಮಕ್ಕಳು ಸಂತೆಗೆ ಬಂದವರು ನನ್ನಲ್ಲಿಗೂ ಬಂದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಆ ಸಾಲಿನಲ್ಲಿ ಅಕ್ಕೋರು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಸರದಿ ಬರುವ ತನಕ ಏಳಲೇ ಇಲ್ಲ. ಒಳಗೆ ಬಂದವರೇ ಹಾಸಿಗೆಯ ಮೇಲೆ ಮಲಗಿ ನನ್ನ ಕೈ ಹಿಡಿದು ಬಲಪಕ್ಕೆಯ ಕೆಳಗೆ ಇಟ್ಟರು. "ಹೇಳು, ಏನು ಹತ್ತತೈತಿ ಕೈಗೆ?"

ಪಕ್ಕೆಲುಬು ದಾಟಿ ಕೆಳಗೆ ಬಂದಿತ್ತು. ಕಲ್ಲಿನಂತಿತ್ತು, ಮೇಲ್ಮೈ ಉಬ್ಬುತಗ್ಗು.

"ಯಕೃತ್ತು ಅಕ್ಕೋರ."

"ಹೆಂಗೈತಿ?"

"ಗಟ್ಟಿ ಐತಿ. ಗಂಟು ಗಂಟು ಹತ್ತತೈತಿ."

"ಬರೋಬ್ಬರಿ ಹೇಳ್ದಿ" ಅಂದರು. ನನ್ನ ಮುಖ ನೋಡಿ, "ಅಳಬ್ಯಾಡ, ಹೊರಗ ಮಂದಿ ಕುಂತಾರ" ಅಂದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ಲಕ್ಷ್ಮೇಶ್ವರದಲ್ಲಿ ತಂಗಿಯ ಮನೆಯಲ್ಲಿ ಅವರು ತೀರಿಕೊಂಡಾಗ ಕೇಸು ಇನ್ನೂ ನಡೆಯುತ್ತಲೇ ಇತ್ತು.

ಆಮೇಲೆ ಬಂದ ತಾರೀಖಿಗೆ ನಾನೇ ಧಾರವಾಡಕ್ಕೆ ಹೋದೆ. ತಂಗಿ ಬರಲೊಪ್ಪಲಿಲ್ಲ. "ಆಕಿಗೆ ಬೇಕಾಗಿದ್ದು ತಿರುಗಿ ಕ್ಲಾಸಿಗೆ ಹೋಗೂದು. ಇನ್ನ ಯಾರು ಹೋಗ್ತಾರ್ರಿ? ಬಿಟ್ಟಬಿಡ್ರಿ" ಎಂದಿದ್ದರು. ವಕೀಲರು ಅರ್ಜಿದಾರರು ತೀರಿಕೊಂಡರೆಂದು ತಿಳಿಸಿದಾಗ ನ್ಯಾಯಮೂರ್ತಿಗಳು, ವಾರಸುದಾರರು ಮುಂದುವರಿಸುತ್ತಾರೆಯೇ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿದ್ದ ನಾನು ಎದ್ದು ನಿಂತೆ.

"ನೀವು ಅವರಿಗೆ ಏನಾಗಬೇಕು?"

"ಅವ್ರ ಕೈಯಾಗ ಕಲತಾಕಿರಿ."

ಅವರು ಒರಟಾಗೇನೂ ಹೇಳಲಿಲ್ಲ. "ಅದು ಕಾನೂನಿಗೆ ಸಾಲದಮ್ಮ, ಕೂತ್ಕೊಳ್ಳಿ" ಅಂದರು. ಅರ್ಜಿ ಮುಕ್ತಾಯವಾಯಿತು. ಮುಂದಿನ ಪ್ರಕರಣದ ಹೆಸರು ಕೂಗಿದರು.

ಅಕ್ಕೋರ ಒಂದು ಸಹಿಯಿಂದ, ಕೊನೆಯ ತನಕ ಓದಿದ ನಾವೆಲ್ಲ ಇವತ್ತು ಡಾಕ್ಟರುಗಳು. ಗದಗ, ಶಿರಹಟ್ಟಿ, ಮುಂಡರಗಿಗಳಲ್ಲಿ ನಮ್ಮ ಬೋರ್ಡುಗಳಿವೆ. ಆ ಸಹಿಗಾಗಿ ಅಕ್ಕೋರನ್ನು ಅಮಾನತು ಮಾಡಿದ ಆದೇಶವನ್ನು ಈ ತನಕ ಯಾರೂ ಹಿಂತೆಗೆದುಕೊಂಡಿಲ್ಲ.