ಹೊಸ ಸ್ಪೀಕರಿಗೆ ನಾನಿಟ್ಟ ಪರೀಕ್ಷೆ

ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಅಪ್ಪಯ್ಯ ನಡೆಸುವ ಬೋಟು ಗಂಗೊಳ್ಳಿ ದಕ್ಕೆಯಲ್ಲಿ ಕಟ್ಟಿಕೊಂಡು ನಿಂತಿತ್ತು. ಮನೆಯಲ್ಲಿ ಕೂತ ಅಪ್ಪಯ್ಯನಿಗೆ ಟಿ.ವಿ. ಮೇಲೆ ಸಿಟ್ಟು. ಯಕ್ಷಗಾನದ ವೀಡಿಯೊ ಹಾಕಿದರೆ, "ಮದ್ದಳೆ ಕೇಂತ್, ಮಾತ್ ಕೇಂತಿಲ್ಲೆ. ಸ್ಪೀಕರ್ ಸತ್ತಿತ್" ಅನ್ನುವರು. ಕುಂದಾಪುರದ ಪರಿಚಯದ ಅಂಗಡಿಯವರು ಒಂದು ಹೋಂ ಥಿಯೇಟರ್ ಕೊಟ್ಟು, ಎರಡು ದಿನ ಕೇಳಿ ನೋಡಿ, ಬೇಡವಾದರೆ ವಾಪಸ್ ತನ್ನಿ ಅಂದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಹೊಸದು ಬೇಕು ಅನ್ನುವವರೇ ಅದು ಮೇಲು ಅಂತ ಸಾಬೀತು ಮಾಡಬೇಕು, ಅಲ್ಲವೇ?

"ಹ್ವಾಯ್ ವಕೀಲ್ರೇ, ಶುರುವಾಯ್ತಾ ನಿಮ್ದ್?" ಅಂದರು ಅಪ್ಪಯ್ಯ.

ಅವರನ್ನು ಟಿ.ವಿ.ಗೆ ಬೆನ್ನು ಹಾಕಿ, ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದೆ. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದಿಲ್ಲ. ವೇಷಧಾರಿ ಆಡಿದ ಮಾತನ್ನು ತಿರುಗಿ ಹೇಳಬೇಕು. ಹಳೆಯದರಲ್ಲಿ ಹೇಳಲಾಗಲಿಲ್ಲ. ಹೊಸದರಲ್ಲೂ ಆಗಲಿಲ್ಲ.

"ಕಂಡ್ರಿಯಾ? ಎರಡೂ ಒಂದೇ! ಸೋತ್ರಿ ಅಪ್ಪಯ್ಯ!" ಅಂದೆ, ಅವರ ಬೆನ್ನ ಹಿಂದಿನಿಂದಲೇ, ಕೂಗದೆ ಸಹಜ ದನಿಯಲ್ಲಿ.

ಅಪ್ಪಯ್ಯ ಕಿಟಕಿಯನ್ನೇ ನೋಡುತ್ತಿದ್ದರು. ವೇಷಧಾರಿಯ ಮುಂದಿನ ಮಾತು ಬರಲೆಂದು ಕಾಯುತ್ತಿದ್ದರು.

ಅಡುಗೆಮನೆ ಬಾಗಿಲಲ್ಲಿ ನಗುತ್ತಿದ್ದ ಅಮ್ಮನ ನಗು ನಿಂತಿತು. ನಮ್ಮದು ಕೂಗಿ ಮಾತಾಡುವ ಮನೆ. ಬೋಟಿನ ಎಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಬಂದ ಅಭ್ಯಾಸ ಮನೆಯ ಒಲೆಯ ಹತ್ತಿರ ಕೂತರೂ ಬಿಡುವುದಿಲ್ಲ. ಹಾಗಾಗಿ ಅವರ ಕಿವಿ ಮಂದವಾದದ್ದು ಯಾರಿಗೂ ತಿಳಿಯಲಿಲ್ಲ. ಒಂದು ವರ್ಷದಿಂದ ಅಪ್ಪಯ್ಯ ನನ್ನ ವಾದಕ್ಕೆಲ್ಲ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಅದನ್ನೆಲ್ಲ ನನ್ನ ಗೆಲುವು ಅಂತ ಎಣಿಸಿದ್ದೆನಲ್ಲ! ಕೇಳಿಸದ ವಾದವನ್ನು ಒಪ್ಪುವುದು ಸುಲಭ.

ಅಪ್ಪಯ್ಯ ಬೋಟಿನ ತಾಂಡೇಲ, ಚುಕ್ಕಾಣಿ ಹಿಡಿಯುವವರು. ಅವರ ಬೆನ್ನ ಹಿಂದೆ ಯಂತ್ರ ಬಲೆಯ ಹಗ್ಗ ಎಳೆಯುತ್ತಿರುತ್ತದೆ. ಯಾರದಾದರೂ ಕಾಲು ಹಗ್ಗಕ್ಕೆ ಸಿಕ್ಕಿದರೆ ಬೋಟು ನಿಲ್ಲಿಸಲು ಇರುವುದು ಹಿಂದಿನಿಂದ ಬರುವ ಒಂದು ಕೂಗು ಮಾತ್ರ. ಬೋಟು ಮುಂದಿನ ವಾರ ಕಡಲಿಗೆ ಇಳಿಯುವುದಿತ್ತು.

ಎದುರಿಗೆ ಹೋಗಿ ಕೇಳಿದೆ: "ಹಿಂದಿಂದ ಕರದ್ರೆ ನಿಮ್ಗ್ ಗೊತ್ತಾತ್ತಾ?"

ಅವರು ನನ್ನ ತುಟಿ ನೋಡಿದರು. "ಈ ವರ್ಷ ಹಿಂದಿಂದ ಯಾರೂ ಕರೀಲೇ ಇಲ್ಲೆ."

ಕರೆದಿದ್ದಾರೋ ಇಲ್ಲವೋ, ಹೇಳುವವರು ಯಾರು?

"ಇವತ್ತೇ ಕಿವಿ ಡಾಕ್ಟರ್ ಹತ್ರ ಹೋಪ" ಅಂದೆ.

"ಸ್ಪೀಕರ್ ಇರ್ಲಿ. ಎರಡ್ ದಿನ ಕೇಂಡ್ರೆ ಸಮ ಆತ್ತ್." ಆಮೇಲೆ ಮೆಲ್ಲಗೆ, "ಕಿವಿ ಹೋಯ್ತ್ ಅಂದ್ರೆ ನಂಗ್ ಯಾರ್ ಬೋಟ್ ಕೊಡ್ತ್ರ್?"

ಅಪ್ಪಯ್ಯ ಹೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಎದುರು ಬಂದು ನಿಂತಳು. "ಬೋಟ್ ಹೋದ್ರೆ ಹೋಯ್ಲಿ. ಹಗ್ಗದ ಹತ್ರ ನಿಲ್ಲುದ್ ಬೇರೆಯವ್ರ ಮಕ್ಕಳ್."

ಅಪ್ಪಯ್ಯ ಎದ್ದು ಅಂಗಿ ಹಾಕಿಕೊಂಡರು.

ಸ್ಪೀಕರಿನ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಅಪ್ಪಯ್ಯನನ್ನು ಹಿಂದೆ ಕೂರಿಸಿಕೊಂಡು ಕುಂದಾಪುರಕ್ಕೆ ಹೊರಟೆ. ಹೆದ್ದಾರಿಯಲ್ಲಿ ಬಸ್ಸೊಂದು ಬೆನ್ನಿಗೇ ಬಂದು ಹಾರ್ನ್ ಹೊಡೆಯಿತು. ನಾನು ಬೆಚ್ಚಿ ಬದಿಗೆ ಸರಿದೆ. ನನ್ನ ಭುಜದ ಮೇಲಿದ್ದ ಅವರ ಕೈ, ಸ್ಕೂಟರ್ ಹೊಯ್ದಾಡಿದ ಮೇಲಷ್ಟೇ, ಬಿಗಿಯಿತು.