ಎರಡು ಚೌಕದ ಮೇಷ್ಟ್ರು

ನಮ್ಮ ಶಾಲೆಯಲ್ಲಿ ಚಿತ್ರಕಥೆ, ಅಂದರೆ ಕಾಮಿಕ್ಸ್, ಓದುವುದನ್ನೂ ಬರೆಯುವುದನ್ನೂ ಕಲಿಸುವ ಮೇಷ್ಟ್ರಿಗೆ ಚಿತ್ರದ ಚೌಕಗಳಿಗಿಂತ ಅವುಗಳ ನಡುವಿನ ಖಾಲಿ ಬಿಳಿ ಪಟ್ಟಿಯದೇ ಚಿಂತೆ. ಮಕ್ಕಳು ಬರೆದು ತಂದ ಹಾಳೆ ಹಿಡಿದು, "ಈ ಚೌಕದಲ್ಲಿ ಕಳ್ಳ ಗೋಡೆ ಹತ್ತಿದ, ಮುಂದಿನದ್ರಲ್ಲಿ ಜೈಲಲ್ಲಿದಾನೆ. ನಡುವೆ ಏನಾಯ್ತು, ಹೇಳ್ರೋ?" ಎನ್ನುತ್ತಾರೆ, ಬಂದ ಉತ್ತರಗಳನ್ನೆಲ್ಲ ನಂಬಿ, ಗಂಟೆ ಹೊಡೆಯುವಷ್ಟರಲ್ಲಿ ತಾವೇ ತಲೆ ಕೆರೆದುಕೊಳ್ಳುತ್ತಾ ಹೊರಬರುತ್ತಾರೆ. ಸ್ಟಾಫ್ ರೂಮಿನಲ್ಲಿ ನಾನು ಟೀ ಮುಗಿಸಿ ಲೋಟ ಕೆಳಗಿಟ್ಟರೂ ಅನುಮಾನ: "ಈಗ ತುಂಬಿತ್ತಲ್ರೀ, ಯಾವಾಗ ಕುಡಿದ್ರಿ?" ಮೆಟ್ಟಿಲ ತಿರುವಿನಲ್ಲಿ ನಿಂತು, ತಾವು ಹತ್ತುತ್ತಿದ್ದುದೋ ಇಳಿಯುತ್ತಿದ್ದುದೋ ಎಂದು ಜವಾನನನ್ನು ಕೇಳಿದ್ದೂ ಉಂಟು. ಪ್ರತಿ ವರ್ಷ ಕೊನೆಯ ಪಾಠಕ್ಕೆ ತಾವೇ ಬರೆದ ಎರಡು ಚೌಕ ತರುತ್ತಾರೆ. ಒಂದರಲ್ಲಿ ಗಂಡ ಹೆಂಡತಿ ನಗುತ್ತಾ ಉಣ್ಣುತ್ತಿದ್ದಾರೆ; ಇನ್ನೊಂದರಲ್ಲಿ ಅದೇ ಮೇಜು, ಗಂಡ ಒಬ್ಬನೇ. ಆ ಗಂಡನಿಗೆ ಮೇಷ್ಟ್ರದೇ ಬೋಳುತಲೆ, ಮೇಷ್ಟ್ರದೇ ದಪ್ಪ ಕನ್ನಡಕ. ಈ ಸಲ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. "ಜಗಳ ಆಗಿರ್ಬೇಕು ಸಾರ್" ಎಂದ ಹುಡುಗಿಯ ಹತ್ತಿರ ಅವರು ಓಡಿಯೇ ಹೋದರು: "ಯಾಕಮ್ಮಾ ಜಗಳ?" ಅವಳು ತಬ್ಬಿಬ್ಬಾಗಿ, "ಬರೆದೋರು ನೀವು, ನಿಮಗೇ ಗೊತ್ತಿರ್ಬೇಕಲ್ವಾ ಸಾರ್?" ಎಂದಳು. "ಗೊತ್ತಿದ್ರೆ," ಎಂದರು ಮೇಷ್ಟ್ರು, "ನಡುವೆ ಇನ್ನೊಂದು ಚೌಕ ಬರೀತಿರ್ಲಿಲ್ವಾ ಮಗೂ?"