ಗಾಳಿತಡೆಯ ಇನ್ನೊಂದು ಅರ್ಧ

ನಾನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ಅವರ ತಪ್ಪಲ್ಲ. ಹಾಲಿನವನ ದನಿಯಲ್ಲಿ ಅವ್ವನನ್ನು ಬಾಗಿಲಿಗೆ ಕರೆದವನು, ಸಾಹೇಬರ ದನಿಯಲ್ಲಿ ಅಪ್ಪನನ್ನು ರಜೆಯ ದಿನ ಆಫೀಸಿಗೆ ಓಡಿಸಿದವನು ನಾನು. ಆದರೆ ಆ ಗುಡ್ಡದ ಮೇಲೆ ನಡೆದದ್ದರಲ್ಲಿ ನನ್ನ ಕೈವಾಡ ಇಲ್ಲ. ಇದ್ದಿದ್ದರೆ ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ...

ಇಲ್ಲಿ ತೆಲುಗರ ರಾಜ್ಯ ಇನ್ನೂ ಎರಡಾಗಿ ಒಡೆದಿರಲಿಲ್ಲ. ಮೊಬೈಲು ನಮ್ಮಂಥವರ ಕಿಸೆಗೆ ಬಂದಿರಲಿಲ್ಲ. ನಾನೂ ವಿನಾಯಕನೂ ಒಂದೇ ಕಾಲೊನಿಯವರು, ಅಮೀರ್‌ಪೇಟ್‌ನಲ್ಲಿ ಒಂದೇ ಕಂಪ್ಯೂಟರ್ ಕ್ಲಾಸಿಗೆ ಹೋಗುವವರು. ನಾನು ಅವನನ್ನು ವಿನ್ಯಾ ಅನ್ನುತ್ತಿದ್ದೆ. ರಜೆ ಸಿಕ್ಕರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಯಾವುದಾದರೂ ಗುಡ್ಡ ಹತ್ತುವುದು ನಮ್ಮ ಹುಚ್ಚು.

ತಂಪು ಪಾನೀಯದ ಡಬ್ಬಿ ಕತ್ತರಿಸಿ ಪುಟಾಣಿ ಸ್ಪಿರಿಟ್ ಒಲೆ ಮಾಡಿದ್ದೆವು. ಅಂಗೈಯಲ್ಲಿ ಕೂರುವಂಥದ್ದು. ಆದರೆ ಗುಡ್ಡದ ಗಾಳಿಗೆ ಉರಿ ನಿಲ್ಲುತ್ತಿರಲಿಲ್ಲ. ಸುತ್ತ ಒಂದು ತಡೆ ಬೇಕಿತ್ತು, ಹೊತ್ತರೆ ಭಾರ ಅನಿಸಬಾರದು.

ಸುಲ್ತಾನ್ ಬಜಾರಿನ ಸಂದಿಯೊಂದರ ಪ್ರೆಸ್ಸಿನಲ್ಲಿ, ಛಾಪಿಸಿ ಬಿಸಾಕಿದ ಅಲ್ಯೂಮಿನಿಯಂ ಪ್ಲೇಟು ಸಿಕ್ಕಿತು. ಕಾಗದಕ್ಕಿಂತ ಚೂರು ದಪ್ಪ. ಅದರ ಮೇಲೆ ಯಾರದೋ ಮದುವೆ ಕಾರ್ಡು ತೆಲುಗಿನಲ್ಲಿ ಅಚ್ಚಾಗಿತ್ತು. ಎಡಕ್ಕೊಂದು ಬಾಳೆಗಿಡ, ವರನ ಹೆಸರು. ಬಲಕ್ಕೊಂದು ಬಾಳೆಗಿಡ, ವಧುವಿನ ಹೆಸರು. ಅಂಚನ್ನು ಸ್ಕೇಲಿಟ್ಟು ಮಡಚಿದೆವು. ಗಾಳಿ ಒಳಗೆ ಬರಲು ತಳದುದ್ದಕ್ಕೂ ಪಂಚಿಂಗ್ ಮಷೀನಿನಿಂದ ತೂತು ಹೊಡೆದೆವು. ಆಮೇಲೆ ನಟ್ಟನಡುವೆ ಕತ್ತರಿಸಿ ಎರಡು ಮಾಡಿದೆವು.

ಅದು ನಮ್ಮ ಕರಾರು. ಒಂದರ್ಧ ಅವನ ಚೀಲದಲ್ಲಿ, ಇನ್ನೊಂದರ್ಧ ನನ್ನದರಲ್ಲಿ. ಒಬ್ಬನಿಲ್ಲದೆ ಇನ್ನೊಬ್ಬನಿಗೆ ಚಹಾ ಇಲ್ಲ. ವರನ ಕಡೆ ನನಗೆ ಬಂತು.

"ನೀ ಮದುಮಗಳು, ನಾಚ್ಕೋ ಸ್ವಲ್ಪ," ಅಂದೆ.

"ಮದುವಿ ಕಾರ್ಡ್ ನಡುವ ಕತ್ತರಸ್ತಾರೇನೋ, ಮಂಗ್ಯಾ," ಅಂತ ಅವ್ವ ಅಡುಗೆಮನೆಯಿಂದಲೇ ಬೈದಳು. ನಾನು ಅವಳ ದನಿಯಲ್ಲೇ ಅದನ್ನು ಇನ್ನೊಮ್ಮೆ ಅಂದೆ. ವಿನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನವೇ ಬೇಗಂಪೇಟೆಯಲ್ಲಿ ಪ್ಯಾಸೆಂಜರ್ ಹಿಡಿದು ವಿಕಾರಾಬಾದ್ ಕಡೆ ಹೊರಟೆವು. ಅವನ ಮನಸ್ಸು ಪ್ರಯಾಣದಲ್ಲಿ ಇರಲಿಲ್ಲ. ಕ್ಲಾಸಿನಲ್ಲಿ ಅವನಿಗೆ ಹೊಸ ದೋಸ್ತರು ಸಿಕ್ಕಿದ್ದರು. ಅವರ ಬಗ್ಗೆ ಕೇಳಿದರೆ ಕಿಟಕಿ ಹೊರಗೆ ನೋಡುತ್ತಿದ್ದ.

ಕಲ್ಲಿನ ಗುಡ್ಡ, ಮೇಲೆ ದೊಡ್ಡ ಬಂಡೆ. ಹತ್ತುವಷ್ಟರಲ್ಲಿ ಹೊತ್ತು ಮುಳುಗಿತು. ಗಾಳಿ ಅಂದರೆ ಗಾಳಿ... ಕಿವಿಯಲ್ಲಿ ಯಾರೋ ಊದಿದ ಹಾಗೆ. ಬಾಟಲಿಯಲ್ಲಿ ಚಹಾಕ್ಕಾಗುವಷ್ಟೇ ನೀರು ಉಳಿದಿತ್ತು.

"ಕೆಳಗ ಬಾವಿ ಐತಿ, ನೀರು ತರ್ತೀನಿ," ಅಂದ ವಿನ್ಯಾ. ಚೀಲವನ್ನೂ ಹೆಗಲಿಗೇರಿಸಿದ.

"ನೀರಿಗೆ ಹೋಗಾಕ ಚೀಲ ಯಾಕೋ?"

"ಟಾರ್ಚ್ ಇದರಾಗ ಐತಿ."

ಟಾರ್ಚು ತೆಗೆದು ಚೀಲ ಬಿಟ್ಟು ಹೋಗಬಹುದಿತ್ತು. ಅದು ನನಗೆ ಹೊಳೆದದ್ದು ಅವನ ಬೆಳಕು ಬಂಡೆಯಾಚೆ ಮಾಯವಾದ ಮೇಲೆ.

ಕಾದೆ. ನನ್ನ ಅರ್ಧ ತಡೆ ಇಟ್ಟು ಒಲೆ ಹಚ್ಚಿದೆ. ಗಾಳಿ ತೆರೆದ ಕಡೆಯಿಂದ ಬಂದು ಉರಿ ನುಂಗಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಕೆಳಗೆ ಎಲ್ಲೂ ಬೆಳಕಿಲ್ಲ.

"ವಿನ್ಯಾ..."

ಬಹಳ ಹೊತ್ತಿನ ಮೇಲೆ ಕೆಳಗಿಂದ ದನಿ ಬಂತು. "ಬಂದೆ..."

ಸಣ್ಣ ಕಲ್ಲುಗಳು ಉರುಳಿದವು. ಅವನು ಕತ್ತಲಲ್ಲೇ ಬಂದು ಒಲೆಯ ಆಚೆ ಕುಳಿತ.

"ಟಾರ್ಚ್ ಎಲ್ಲಿ?"

"ಆರಿತು."

"ನೀರು?"

ಒಂದು ಕೈ ಮುಂದೆ ಬಂದು ತನ್ನ ಅರ್ಧ ತಡೆಯನ್ನು ನನ್ನದಕ್ಕೆ ತಾಗಿಸಿ ನಿಲ್ಲಿಸಿತು. ಕಡ್ಡಿ ಗೀರಿದೆ. ಈ ಸಲ ಉರಿ ಅಲುಗಾಡದೆ ನಿಂತಿತು. ಸ್ಪಿರಿಟ್ಟಿನ ಉರಿ ನೀಲಿ, ಬೆಳಕು ಕಡಿಮೆ. ಬಲಗಡೆಯ ಬಾಳೆಗಿಡ, ವಧುವಿನ ಹೆಸರು, ಎರಡನ್ನೂ ನನ್ನ ಕಣ್ಣಾರೆ ನೋಡಿದೆ. ಮುಖ ಮಾತ್ರ ಕಾಣಲಿಲ್ಲ. ನೀರು ಹೊಯ್ದು ಆರಿಸಿದ ಒಲೆಯ ವಾಸನೆ ಬರುತ್ತಿತ್ತು. ನಮ್ಮ ಒಲೆ ಇನ್ನೂ ಉರಿಯುತ್ತಿತ್ತು...

ಪಾತ್ರೆ ಇಟ್ಟೆ. ಬಿಟ್ಟು ಹೋಗಿಲ್ಲವಲ್ಲ ಅಂತ ಖುಷಿಯಾಗಿ, ಅರ್ಥವಾಯಿತಾ ಅಂತ ತೆಲುಗಿನಲ್ಲಿ ಕೇಳುವ ಕ್ಲಾಸಿನ ಸರ್ ದನಿ ತೆಗೆದೆ. "ಅರ್ಥಮೈಂದಾ ಬಾಬೂ?"

ಇದಕ್ಕೆ ವಿನ್ಯಾ ಮೂಗಿನಲ್ಲಿ ಚಹಾ ಬರುವಷ್ಟು ನಗುವವನು. ಅವತ್ತು ನಗಲಿಲ್ಲ.

"ಇನ್ನೊಮ್ಮೆ," ಅಂದ.

ಮಾಡಿದೆ.

"ಇನ್ನೊಮ್ಮೆ."

ಮಾಡಿದೆ.

"ಈಗ ನಿಂದು ಮಾಡು."

"ನಂದು ನನಗ ಹೆಂಗ ಬರ್ಬೇಕೋ?"

"ನನಗ ಬರ್ತೈತಿ."

ಅದನ್ನು ಹೇಳಿದ್ದು ನನ್ನ ದನಿ. ಕೊನೆಯಲ್ಲಿ ಚೂರು ಮೂಗಿಗೆ ಏರುವ ನನ್ನದೇ ದನಿ, ಒಲೆಯ ಆಚೆಯಿಂದ...

ಉರಿ ಆರಿತು. ನಾನು ಬಂಡೆಯ ಬುಡಕ್ಕೆ ಬೆನ್ನು ಒತ್ತಿ, ಕಿವಿ ಮುಚ್ಚಿಕೊಂಡು ಕುಳಿತೆ. ದನಿಗಳ ಅಂಗಡಿ ಇಟ್ಟವನ ಬಾಯಿಂದ ಒಂದು ಕುಂಯ್ ಕೂಡ ಹೊರಡಲಿಲ್ಲ. ಬೆಳಕು ಹರಿದಾಗ ಅಲ್ಲಿ ಇದ್ದದ್ದು ಒಲೆ, ತಳ ಹತ್ತಿದ ಪಾತ್ರೆ, ನನ್ನ ಅರ್ಧ ತಡೆ. ಇನ್ನೊಂದರ್ಧ ಇರಲಿಲ್ಲ.

ಮೊದಲ ಗಾಡಿ ಹಿಡಿದು ನೇರ ವಿನ್ಯಾನ ಮನೆಗೆ ಹೋದೆ. ಅವನು ಉಪ್ಪಿಟ್ಟು ತಿನ್ನುತ್ತಿದ್ದ.

"ಬಾರಪಾ ಗುರು," ಅಂದರು ಅವನ ಅವ್ವ. "ನೀ ಎಲ್ಲಿ ಉಳದಿದ್ದಿ? ಇಂವಾ ರಾತ್ರಿ ಊಟಕ್ಕ ಮನಿಗೇ ಬಂದ ನೋಡು."

ಅವರು ಒಳಗೆ ಹೋದ ಮೇಲೆ ಕೇಳಿದೆ. "ಯಾಕ ಬಿಟ್ಟು ಬಂದಿ?"

"ನೀನ ಕಳಿಸಿದೆಲ್ಲೋ." ಅವನ ಕೈ ತಟ್ಟೆಯಲ್ಲೇ ನಿಂತಿತು. "ಬಾವಿ ಹತ್ರ ಇದ್ದೆ. ಮ್ಯಾಲಿಂದ ಕೂಗಿದಿ. ನೀ ಹೋಗು ವಿನ್ಯಾ, ನನಗ ಜೊತಿ ಐತಿ ಅಂತ."

"ಸುಳ್ಳು ಬೊಗಳಬ್ಯಾಡ. ಹೊಸಾ ದೋಸ್ತರ ಹತ್ರ ಹೋಗೋದಿತ್ತು, ಹೋದಿ. ಅಷ್ಟ ಹೇಳು."

"ಅವ್ವನ ಆಣಿ, ಗುರು. ನಿಂದ ದನಿ. ನಿನ್ನ ದನಿ ನನಗ ಗೊತ್ತಿಲ್ಲೇನು?"

"ಹಂಗಾದ್ರ ನಿನ್ನ ಅರ್ಧ ತೋರಿಸು."

ಮೂಲೆಯಲ್ಲಿದ್ದ ಚೀಲದ ಹಗ್ಗ ಬಿಚ್ಚಿ ಅವನು ಅದನ್ನು ಹೊರತೆಗೆದ. ಹೊಸ ತಡೆ, ಒಮ್ಮೆಯೂ ಉರಿ ಕಂಡಿರಬಾರದಿತ್ತು. ಆದರೆ ಒಳಮೈ ಕಾದು ಬಣ್ಣಗೆಟ್ಟಿತ್ತು, ವಧುವಿನ ಹೆಸರು ಅರ್ಧ ಸುಲಿದಿತ್ತು. ವಿನ್ಯಾ ಅದನ್ನು ಕೈಬಿಟ್ಟ. ನೆಲಕ್ಕೆ ಬಿದ್ದು ತೆಳ್ಳಗೆ ಸದ್ದು ಮಾಡಿತು.

ಅವನಿಗೆ ನಾಟಕ ಬರುವುದಿಲ್ಲ. ಅವನ ಪಾಲಿನ ನಾಟಕವನ್ನೂ ನಾನೇ ಮಾಡುತ್ತಿದ್ದೆ. ಆದರೂ ಅವನು ಸುಳ್ಳು ಹೇಳಿದ ಅಂತಲೇ ನಂಬಿಕೊಂಡಿದ್ದೇನೆ. ದೋಸ್ತ ಕೈಕೊಟ್ಟ ಅಂದರೆ ನಾಲ್ಕು ಬೈದು ಹಗುರಾಗಬಹುದು. ನನ್ನ ಗಂಟಲೇ ನನಗೆ ಕೈಕೊಟ್ಟಿತು ಅಂದರೆ ಯಾರನ್ನು ಬೈಯಲಿ? ಬೈಯುವುದಕ್ಕೂ ಅದೇ ಗಂಟಲು ಬೇಕು.

ಅವತ್ತಿನಿಂದ ಇಷ್ಟು ವರ್ಷ ಮಾತು ನಿಂತಿದೆ. ಮೊನ್ನೆ ಅಮೀರ್‌ಪೇಟ್‌ನ ಬಸ್ ಸ್ಟಾಪಿನಲ್ಲಿ ಅವನ ಬೆನ್ನು ಕಂಡಿತು. ಸಾಕು ಈ ಸಿಟ್ಟು, ಕರೆದೇಬಿಡೋಣ ಅಂತ ಹತ್ತಿರ ಹೋದೆ.

"ವಿನ್ಯಾ..."

ಅವನು ತಿರುಗಲಿಲ್ಲ. ಹೆಜ್ಜೆ ಜೋರು ಮಾಡಿ, ಚಲಿಸುತ್ತಿದ್ದ ಬಸ್ಸಿಗೆ ಹಾರಿದ.

ಅವನ ಮೇಲೆ ನನಗೆ ಬೇಜಾರಿಲ್ಲ. ಆ ಕೂಗು ಕೇಳಿದಾಗ ನಾನಿನ್ನೂ ಬಾಯಿ ತೆರೆದಿರಲಿಲ್ಲ.